ಗೋಡೆಯ ಮೇಲಿನ ಹನ್ನೊಂದನೆಯ ಸೂಚನೆ

ಆಯುಷ್ಯದಲ್ಲಿ ನಾನು ಬರೆದದ್ದು ಕಡಿಮೆಯೇನಲ್ಲ. ಬೀಗರಿಗೆ ಪತ್ರ, ಕರೆಂಟಿನ ಆಫೀಸಿಗೆ ಅರ್ಜಿ, ನಮ್ಮ ಓಣಿಯ ಗಟಾರದ ಬಗ್ಗೆ ಪತ್ರಿಕೆಗೆ ದೂರು, ಹೀಗೆ ಕೈ ನೋಯುವಷ್ಟು ಬರೆದಿದ್ದೇನೆ. ಇವುಗಳಲ್ಲಿ ಒಂದನ್ನಾದರೂ ಯಾರಾದರೂ ಕೊನೆಯ ತನಕ ಓದಿದರು ಎನ್ನುವುದಕ್ಕೆ ಸಾಕ್ಷಿಯಿಲ್ಲ. ಗಟಾರ ಇವತ್ತಿಗೂ ಹಾಗೆಯೇ ಇದೆ. ಆದರೆ ಒಂದೇ ಒಂದು ವಾಕ್ಯವನ್ನು ಮಾತ್ರ ಜನ ಓದಿದರು, ಓದಲು ಬಾರದವರು ಕೇಳಿ ಬಾಯಿಪಾಠ ಮಾಡಿದರು, ದಿನಾಲೂ ಅದರಂತೆ ನಡೆದುಕೊಂಡರು. ಬರೆಯುವವನಿಗೆ ಇದಕ್ಕಿಂತ ದೊಡ್ಡ ಭಾಗ್ಯ ಯಾವುದು ಎಂದು ನೀವು ಕೇಳಬಹುದು. ನಿಜ. ಆ ವಾಕ್ಯ ತಪ್ಪಾಗಿತ್ತು ಎನ್ನುವುದೊಂದೇ ತೊಂದರೆ.

ಎಂಬತ್ತರ ದಶಕದ ಕೊನೆಯ ಮಾತು. ನನ್ನ ಮನೆ ಬ್ಯಾಡಗಿಯಲ್ಲಿ, ನೌಕರಿ ರಾಣೆಬೆನ್ನೂರಿನಲ್ಲಿ. ದಿನಾ ಬೆಳಿಗ್ಗೆ ಪ್ಯಾಸೆಂಜರ್ ಗಾಡಿ ಹಿಡಿದು ಹೋಗಿ, ಊರ ಹೊರಗಿನ ಒಂದು ತಗಡಿನ ಶೆಡ್ಡಿನಲ್ಲಿ ಸ್ಟೋರಿನ ಗುಮಾಸ್ತನಾಗಿ ಕೂರುತ್ತಿದ್ದೆ. ಪಂಪಸೆಟ್ಟಿನ ಸ್ಟಾರ್ಟರಿಗೆ ಬೇಕಾಗುವ ಕಾಯಿಲುಗಳನ್ನು ಅಲ್ಲಿ ತಯಾರಿಸುತ್ತಿದ್ದರು. ತಾಮ್ರದ ತಂತಿ ಸುತ್ತಿ, ಅದನ್ನು ಅಂಗೈಯಗಲದ ಡಬ್ಬಿಯಲ್ಲಿ ಕೂರಿಸಿ, ಮೇಲೆ ಇಪಾಕ್ಸಿ ಎಂಬ ಅಂಟನ್ನು ಸುರಿಯಬೇಕು. ಅದು ಗಟ್ಟಿಯಾದರೆ ಕರಿಕಲ್ಲು. ಮೊದಲು ಸಾದಾ ಇಪಾಕ್ಸಿ ಸುರಿಯುತ್ತಿದ್ದರು. ಮೇಡ್ಲೇರಿ ಕಡೆಯ ಒಬ್ಬ ರೈತರ ಹೊಲದಲ್ಲಿ ಕಾಯಿಲು ಕಾದು, ಹೊತ್ತಿಕೊಂಡು, ಸ್ಟಾರ್ಟರಿನ ಜೊತೆಗೆ ಅವರ ಪಂಪಿನ ಗುಡಿಸಲೂ ಸುಟ್ಟಿತು. ಅವರು ಕರಿಯಾದ ಡಬ್ಬಿಯನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ಬಂದು ಮಾಲಕರ ಮೇಜಿನ ಮೇಲೆ ಇಟ್ಟು, ಚಹಾ ಕುಡಿದು ಹೋದರು. ಅದರ ಮರುವಾರವೇ ಮುಂಬಯಿಯಿಂದ ಬೆಂಕಿ ಹತ್ತದ ಇಪಾಕ್ಸಿ ಬಂತು. ದೊಡ್ಡ ಡಬ್ಬಿಯಲ್ಲಿ ಅಂಟು, ಸಣ್ಣ ಡಬ್ಬಿಯಲ್ಲಿ ಅದನ್ನು ಗಟ್ಟಿ ಮಾಡುವ ಹಾರ್ಡನರ್, ಎರಡರ ಮೇಲೆ ಒಂದು ಇಂಗ್ಲಿಷ್ ಪುಸ್ತಿಕೆ.

ಮಾಲಕರು ಶಿವಪ್ಪ ಸಾವ್ಕಾರರು, ಬೀಜದ ವ್ಯಾಪಾರದಿಂದ ಕಾರಖಾನೆಗೆ ಬಂದವರು. ನಾನು ಬಿ.ಎ. ಪಾಸಾದವನು ಎಂಬುದನ್ನು ಅವರು ಒಂದು ದಿನವೂ ಮರೆತವರಲ್ಲ, ನನಗೂ ಮರೆಯಲು ಬಿಟ್ಟವರಲ್ಲ. "ಬಿ.ಎ. ಸಾಹೇಬ್ರ, ಈ ಪುಸ್ತಕದಾಗ ಏನೋ ಹುಷಾರಿ ಹೇಳ್ಯಾರಂತ. ಕನ್ನಡದಾಗ ಬರದು ಗ್ವಾಡಿಗೆ ಹಚ್ಚಿಬಿಡ್ರಿ. ನಾಳೆ ಯಾರರ ಬಂದು ಕೇಳಿದ್ರ ಇಲ್ಲ ಅನ್ನಬಾರದು ನೋಡ್ರಿ" ಎಂದರು.

ನನಗೆ ಹುರುಪು ಬಂತು. ಎರಡು ದಿನ ಸ್ಟೋರಿನ ಕೆಲಸ ಬದಿಗಿಟ್ಟು ಹತ್ತು ಸೂಚನೆಗಳನ್ನು ಬರೆದೆ. ಕನ್ನಡಕ್ಕೆ ಗೌರವ ಬರಬೇಕೆಂದು ಸಾದಾ ಮಾತನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. 'ಅಘನೀಕೃತ ರಾಳದೊಡನೆ ಚರ್ಮದ ಸಂಸ್ಪರ್ಶವನ್ನು ವರ್ಜಿಸತಕ್ಕದ್ದು' ಎಂದು ಬರೆದೆ. ಹಸಿ ಅಂಟು ಮೈಗೆ ತಾಗಿಸಿಕೊಳ್ಳಬೇಡಿ ಎಂದು ಅದರ ಅರ್ಥ. 'ಏಕಕಾಲದಲ್ಲಿ ಅಲ್ಪ ಪರಿಮಾಣವನ್ನು ಮಾತ್ರ ಮಿಶ್ರಣಗೊಳಿಸತಕ್ಕದ್ದು' ಎಂದು ಬರೆದೆ. ಕೈಗವಸು ಹಾಕಿಕೊಳ್ಳುವುದು, ಕಿಟಕಿ ತೆರೆದಿಡುವುದು, ಥಿನ್ನರಿನಿಂದ ಕೈ ತೊಳೆಯದೆ ಸಾಬೂನು ನೀರಿನಿಂದಲೇ ತೊಳೆಯುವುದು, ಒಮ್ಮೆ ಮೈಗೆ ಆಗಿಬರದಿದ್ದವರು ಮುಂದೆ ಹನಿ ಅಂಟಿನಿಂದಲೂ ದೂರವಿರುವುದು, ಎಲ್ಲವೂ ಅದರಲ್ಲಿದ್ದವು. ಬರೆದು ಮುಗಿಸಿ ನಾನೇ ಎರಡು ಸಲ ಓದಿ ತಲೆದೂಗಿದೆ.

ಕೈಗವಸಿನ ಹತ್ತಿರ ಬಂಡಿ ನಿಂತಿತು. ಸಾವ್ಕಾರರು ಆರು ಜೋಡಿ ತರಿಸಿದರು, ಆದರೆ ಅವನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿಸಿದರು. "ತಪಾಸಣಿಗೆ ಬಂದಾಗ ತೋರಸಾಕ ಬೇಕಾಗತಾವ. ದಿನಾ ಹಾಕ್ಕೊಂಡ್ರ ಹರದು ಹೋಗತಾವ್ರಿ" ಎಂದರು. ಅವರ ಮಾತಿನಲ್ಲಿ ತರ್ಕವಿತ್ತು. ನನ್ನ ಮನೆಯಲ್ಲೂ ಒಳ್ಳೆಯ ಚಾದರ ಬೀಗರು ಬಂದಾಗ ಮಾತ್ರ ಹೊರಗೆ ಬರುತ್ತದೆ. ಹಾಗಾದರೆ ದಿನನಿತ್ಯಕ್ಕೆ ಏನು ಎಂದು ಯೋಚಿಸುತ್ತಿದ್ದಾಗ ನನಗೆ ನಮ್ಮ ಅಜ್ಜಿ ನೆನಪಾದಳು. ಬ್ಯಾಡಗಿಯಲ್ಲಿ ಹುಟ್ಟಿದ ಯಾವ ಮನುಷ್ಯನಿಗೂ ಇದು ನೆನಪಾಗದೆ ಇರದು. ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸಲು ಕೂರುವ ಮೊದಲು ಹೆಂಗಸರು ಕೈಗೆ ಕುಸುಬಿ ಎಣ್ಣೆ ಸವರಿಕೊಳ್ಳುತ್ತಾರೆ. ಹಾಗೆ ಸವರಿಕೊಂಡರೆ ದಿನವಿಡೀ ಚೀಲಗಟ್ಟಲೆ ಬಿಡಿಸಿದರೂ ಕೈ ಉರಿಯುವುದಿಲ್ಲ. ಮೆಣಸಿನಕಾಯಿಯನ್ನೇ ಬಗ್ಗಿಸಿದ ಎಣ್ಣೆಗೆ ಮುಂಬಯಿಯ ಅಂಟು ಯಾವ ಲೆಕ್ಕ? ಹತ್ತರ ಕೆಳಗೆ ಇನ್ನೊಂದು ಸಾಲು ಸೇರಿಸಿದೆ. ಅಜ್ಜಿಯ ಮಾತಾದ್ದರಿಂದ ಅದನ್ನು ಅಜ್ಜಿಯ ಹಾಗೆಯೇ ಬರೆದೆ: '೧೧. ಕೆಲಸಕ್ಕ ಕುಂದ್ರೂ ಮೊದಲ ಕೈಗೆ ಕುಸುಬಿ ಎಣ್ಣಿ ಹಚ್ಚಿಕೊಳ್ರಿ.'

ಸಾವ್ಕಾರರಿಗೆ ಹತ್ತು ಸೂಚನೆಗಳು ಅರ್ಥವಾಗಲಿಲ್ಲ, ಹನ್ನೊಂದನೆಯದು ಬಹಳ ಸೇರಿತು. "ಇದು ನೋಡ್ರಿ ಬುದ್ಧಿ! ಬಿ.ಎ. ಮಾಡಿದ್ದು ಸಾರ್ಥಕ ಆತು" ಎಂದು ಅಂದೇ ಒಂದು ಡಬ್ಬಿ ಎಣ್ಣೆ ತರಿಸಿದರು. ನಾನೂ ಸಂಜೆ ಮನೆಗೆ ಹೋಗಿ ಈ ಪರಾಕ್ರಮವನ್ನು ಹೆಂಡತಿ ಶಾಂತಾಳ ಮುಂದೆ ಹೇಳಿಕೊಂಡೆ. ಸಾಲದೆಂದು ಸೂಚನೆಗಳ ಒಂದು ಪ್ರತಿಯನ್ನು ಅಡುಗೆಮನೆಯಲ್ಲಿ ಕ್ಯಾಲೆಂಡರಿನ ಪಕ್ಕ ಅಂಟಿಸಿದೆ. ಗಂಡನ ಬರಹ ಮನೆಯಲ್ಲೂ ನಾಲ್ಕು ಜನರ ಕಣ್ಣಿಗೆ ಬೀಳಲಿ ಎಂಬುದಷ್ಟೇ ಆಸೆ.

ಬೆಂಕಿ ಹತ್ತದ ಅಂಟು ಎಂದ ಮೇಲೆ ಸಾವ್ಕಾರರಿಗೆ ಬೆಂಕಿಯ ಭಯವೇ ಹೋಯಿತು. ಬಂದವರೆದುರು ಗಟ್ಟಿಯಾದ ಒಂದು ತುಂಡನ್ನು ಇಕ್ಕಳದಲ್ಲಿ ಹಿಡಿದು ಸ್ಟೋವಿಗೆ ತೋರಿಸುವರು, ಹೊರಗೆ ತೆಗೆದ ಕೂಡಲೇ ಅದು ಆರಿಹೋಗುವುದು, "ಬೆಂಕೀನ ಅಂಜತೈತ್ರಿ ಇದಕ್ಕ" ಎಂದು ನಗುವರು. ಬಾಗಿಲ ಬಳಿ ಇದ್ದ ಮರಳು ತುಂಬಿದ ಕೆಂಪು ಬಕೆಟ್ಟುಗಳು ಅವರ ಮನೆಗೆ ಹೋಗಿ ಅವುಗಳಲ್ಲಿ ಪುದೀನಾ ಬೆಳೆಯಿತು. ಅಂಟು ಕಲಸುವ ಮೇಸ್ತ್ರಿ ಖಾದರಸಾಬರು ಮಾತ್ರ ಒಪ್ಪಲಿಲ್ಲ. "ಸಾವ್ಕಾರ್ರ, ಅದು ಗಟ್ಟಿ ಆದ ಮ್ಯಾಲಿನ ಮಾತ್ರಿ. ಹಸಿ ಅಂಟಿಗೆ, ಬಾಜೂಕ ಇಟ್ಟ ಥಿನ್ನರಿಗೆ ಆ ಮಾತು ಹತ್ತೂದಿಲ್ಲ" ಎಂದರು. ಖಾದರಸಾಬರು ಕರ್ಜಗಿಯವರು, ಮನೆಯಲ್ಲಿ ಉರ್ದು, ಹೊರಗೆ ಕನ್ನಡ, ಎರಡರಲ್ಲೂ ಕಡಿಮೆ ಮಾತು. ಕಡಿಮೆ ಮಾತಾಡುವವರ ಮಾತನ್ನು ಯಾರೂ ಕೇಳುವುದಿಲ್ಲ.

ಒಂದು ದಿನ ಲಾರಿ ಬಂದು ನಿಂತಿತ್ತು, ಮಾಲು ತಯಾರಿರಲಿಲ್ಲ. ಸಾವ್ಕಾರರು ಒಂದು ಪ್ಲಾಸ್ಟಿಕ್ ಬಕೆಟ್ ತುಂಬ ಅಂಟನ್ನು ಒಂದೇ ಸಲ ಕಲಸಲು ಹೇಳಿದರು. ಸ್ವಲ್ಪ ಸ್ವಲ್ಪವೇ ಕಲಸಬೇಕೆಂದು ಖಾದರಸಾಬರು ಅಂದರೆ, "ಲಗ್ನದಾಗ ಉಪ್ಪಿಟ್ಟು ಒಬ್ಬೊಬ್ಬರಿಗೆ ಬ್ಯಾರೆ ಬ್ಯಾರೆ ಮಾಡ್ತಾರೇನು?" ಎಂದು ಗದರಿದರು. ಎರಡನ್ನೂ ಕೂಡಿಸಿ ಕಲಸಿ ಅರ್ಧ ತಾಸೂ ಆಗಿರಲಿಲ್ಲ, ಬಕೆಟ್ಟು ತಾನಾಗಿಯೇ ಕಾಯತೊಡಗಿತು. ಅಂಟು ಕುದಿಯಿತು, ಬಕೆಟ್ಟು ಕರಗಿ ಒಂದು ಕಡೆ ವಾಲಿತು, ಶೆಡ್ಡಿನ ತುಂಬ ಹಳದಿ ಹೊಗೆ. ಬೆಂಕಿಯಿಲ್ಲದೆ ಹೊಗೆಯಾಡದು ಎಂದು ಗಾದೆ ಮಾಡಿದವರು ಇಪಾಕ್ಸಿ ಕಂಡವರಲ್ಲ. ಬೇರೆ ಊರಿನವರಾಗಿದ್ದರೆ ಓಡಿಹೋಗುತ್ತಿದ್ದರು. ನಮ್ಮಲ್ಲಿ ಹೆಚ್ಚಿನವರು ನನ್ನ ಹಾಗೆ ಗಾಡಿಯಲ್ಲಿ ಬರುವ ಬ್ಯಾಡಗಿಯವರು, ಕೆಮ್ಮುವುದು, ಸೀನುವುದು, ಕಣ್ಣೊರೆಸಿಕೊಳ್ಳುವುದು ನಮಗೆ ಉಸಿರಾಟದ ಒಂದು ಭಾಗ. ಎಲ್ಲರೂ ಕೆಮ್ಮುತ್ತ ಕೆಲಸ ಮುಂದುವರಿಸಿದರು. ನನ್ನ ಪಕ್ಕದಲ್ಲಿದ್ದವರು "ಯಾರೋ ಒಗ್ಗರಣಿ ಕೊಟ್ಟಂಗ ಐತಿ" ಎಂದರು. ಖಾದರಸಾಬರು ಒಬ್ಬೊಬ್ಬರ ತೋಳು ಹಿಡಿದು ಹೊರಗೆ ದೂಡಬೇಕಾಯಿತು. ಹೊಗೆ ಇಳಿದ ಮೇಲೆ ಸಾವ್ಕಾರರು ಒಳಗೆ ಬಂದು, ಕರಗಿದ ಬಕೆಟ್ಟನ್ನು ಸುತ್ತಿ ನೋಡಿ, ಸಮಾಧಾನದಿಂದ ಹೇಳಿದರು: "ಇಷ್ಟೆಲ್ಲಾ ಆದ್ರೂ ಬೆಂಕಿ ಹತ್ತಲಿಲ್ಲ ನೋಡ್ರಿ! ಕಂಪನಿಯವ್ರು ಬರದದ್ದು ಖರೇ ಐತಿ."

ನಗುವ ಮಾತು ಇಲ್ಲಿಗೆ ಮುಗಿಯಿತೆಂದರೆ ಚೆನ್ನಾಗಿರುತ್ತಿತ್ತು. ಡಬ್ಬಿಗಳಿಗೆ ಅಂಟು ಸುರಿಯುವ ಕೆಲಸ ಗೌರವ್ವನದು. ನಲವತ್ತು ದಾಟಿದ ಗಟ್ಟಿ ಹೆಣ್ಣುಮಗಳು, ನನ್ನ ಜೊತೆಗೇ ಗಾಡಿಯಲ್ಲಿ ಬರುವವಳು, ಗಂಡನಿಲ್ಲದೆ ಇಬ್ಬರು ಹೆಣ್ಣುಮಕ್ಕಳನ್ನು ಸಾಲೆಗೆ ಹಾಕಿದವಳು. ಮಳೆ ಬಂದರೂ ಬರದಿದ್ದರೂ ವಾರಕ್ಕೊಮ್ಮೆ ಪಗಾರ ಕೈಗೆ ಬೀಳುವ ಕೆಲಸ ಅವಳಿಗೆ ಇದೊಂದೇ. ಅವಳು ಹನ್ನೊಂದನೆಯ ಸೂಚನೆಯನ್ನು ಪೂಜೆಯಂತೆ ಪಾಲಿಸಿದಳು. ಬೆಳಿಗ್ಗೆ ಎಣ್ಣೆ ಸವರಿಕೊಳ್ಳುವುದು, ಬರಿಗೈಯಲ್ಲಿ ಸುರಿಯುವುದು, ಸಂಜೆ ಎಣ್ಣೆ ಮತ್ತು ಅಂಟು ಕಲೆತು ಜಿಗುಟಾದ ಕೈಯನ್ನು ಥಿನ್ನರಿನಲ್ಲಿ ತೊಳೆಯುವುದು. ಎರಡು ತಿಂಗಳಲ್ಲಿ ಬೆರಳಸಂದಿಗಳು ಕೆಂಪಾದವು, ಗುಳ್ಳೆ ಎದ್ದವು, ಅಂಗೈ ಸೀಳಿತು. ರೊಟ್ಟಿಗೆ ಬಿಸಿನೀರು ಹಾಕಿ ಹಿಟ್ಟು ನಾದಿದರೆ ಕಣ್ಣಲ್ಲಿ ನೀರು ಬರುತ್ತಿತ್ತಂತೆ. ಮನೆಯಲ್ಲಿ ದೊಡ್ಡ ಮಗಳು ರೊಟ್ಟಿ ಬಡಿಯತೊಡಗಿದಳು. "ಹುಡುಗಿ ಬಡಿದ ರೊಟ್ಟಿ ಹರೀತಾವ್ರಿ ಅಣ್ಣಾರ, ಆದ್ರ ನಾ ಸುಮ್ಮ ಉಣ್ಣತೇನಿ" ಎಂದು ಗೌರವ್ವ ಗಾಡಿಯಲ್ಲಿ ನಕ್ಕು ಹೇಳಿದಳು. ಆ ಕೈಗಳನ್ನು ನೋಡಲಾರದೆ ನಾನು ಕಿಟಕಿಯ ಹೊರಗೆ ನೋಡಿದೆ.

ಕಾರಣ ಏನೆಂದು ಯಾರಿಗೂ ಸಂಶಯವಿರಲಿಲ್ಲ: ಮೆಣಸಿನಕಾಯಿ. ರಜೆ ದಿನ ಅವಳು ಪೇಟೆಯ ದಲಾಲರ ಅಡತಿ ಅಂಗಡಿಯಲ್ಲಿ ತುಂಬು ಬಿಡಿಸಲು ಹೋಗುತ್ತಿದ್ದಳು, ಅದೇ ಸಾಕಾಯಿತು. ಹಾವೇರಿಯ ಡಾಕ್ಟರು "ಯಾವ ಊರು?" ಎಂದು ಕೇಳಿದರಂತೆ. ಬ್ಯಾಡಗಿ ಎಂದ ಕೂಡಲೇ ಬೇರೇನೂ ಕೇಳದೆ ಮುಲಾಮು ಬರೆದುಕೊಟ್ಟರಂತೆ. ಅಷ್ಟರಲ್ಲಿ ನನ್ನ ಕಣ್ಣಿನ ರೆಪ್ಪೆಗಳೂ ಬಾತು ಬೆಳಿಗ್ಗೆ ಕಣ್ಣು ಬಿಡುವುದು ಕಷ್ಟವಾಗಿತ್ತು. ದಿನಾ ಅಂಟಿನ ಡಬ್ಬಿಗಳನ್ನು ಮುಟ್ಟಿ ಅದೇ ಕೈಯಿಂದ ಕಣ್ಣುಜ್ಜಿಕೊಳ್ಳುವವನು ನಾನು. ಶಾಂತಾ ಕೂಡ "ಈ ಹಂಗಾಮಿನಾಗ ಗಾಳ್ಯಾಗ ಖಾರ ಇರತೈತ್ರಿ" ಎಂದುಬಿಟ್ಟಳು. ಹುಟ್ಟಿದಾಗಿನಿಂದ ನಲವತ್ತರ ಹತ್ತಿರದ ತನಕ ಇಲ್ಲದ ಖಾರ ಈ ವರ್ಷ ಎಲ್ಲಿಂದ ಬಂತೆಂದು ನಾನೂ ಕೇಳಿಕೊಳ್ಳಲಿಲ್ಲ. ಕೇಳಿಕೊಂಡರೆ ಉತ್ತರ ಗೋಡೆಯ ಮೇಲೆ ನನ್ನದೇ ಅಕ್ಷರದಲ್ಲಿತ್ತು.

ಇದೇ ಹೊತ್ತಿಗೆ ಹುಬ್ಬಳ್ಳಿಯಿಂದ ತಪಾಸಣೆಯ ಸಾಹೇಬರು ಬಂದರು. ಕೈಗವಸುಗಳು ಕಪಾಟಿನಿಂದ ಹೊರಬಂದವು, ಪುದೀನಾ ಕಿತ್ತು ಬಕೆಟ್ಟುಗಳು ವಾಪಸು ಬಂದವು, ಗೌರವ್ವನಿಗೆ ಅವತ್ತು ಮನೆಯಲ್ಲೇ ಇರಲು ಹೇಳಿದರು. ಸಾಹೇಬರು ಗೋಡೆಯ ಹತ್ತಿರ ನಿಂತು ಒಂದರಿಂದ ಹತ್ತರ ತನಕ ಕಣ್ಣಾಡಿಸಿ, ಹನ್ನೊಂದರ ಬಳಿ ತಡೆದು, ಗಟ್ಟಿಯಾಗಿ ಓದಿದರು. "ಇದನ್ನು ಬರೆದವರು ಯಾರು?" ನಾನು ಅರ್ಧ ಕೈ ಎತ್ತಿದೆ. "ಬಹಳ ಚೆನ್ನಾಗಿದೆ. ಸ್ಥಳೀಯ ಜ್ಞಾನ ಅಂದರೆ ಇದು. ಉಳಿದ ಕಾರಖಾನೆಯವರೂ ಇದನ್ನು ಅನುಸರಿಸಲಿ ಎಂದು ವರದಿಯಲ್ಲಿ ಹಾಕುತ್ತೇನೆ" ಎಂದರು. ಮರುದಿನವೇ ಸಾವ್ಕಾರರು ನನ್ನ ಹಾಳೆಗೆ ಕಟ್ಟಿಗೆಯ ಚೌಕಟ್ಟು ಹಾಕಿಸಿದರು. ಅದರ ಮರುದಿನ ಗೌರವ್ವನನ್ನು ಕರೆದು, "ನಿನ್ನ ಕೈ ನೋಡಿ ಉಳಿದವ್ರು ಅಂಜಾಕತ್ಯಾರ. ಮೆಣಸಿನಕಾಯಿ ಕೆಲಸ ಬಿಡು, ಕೈ ನೆಟ್ಟಗ ಆದ ಮ್ಯಾಲೆ ಬಾ. ಹಂಗ ಆಗಲಿಲ್ಲಂದ್ರ ಬರಬ್ಯಾಡ" ಎಂದರು. ನಾನು ಅಲ್ಲೇ ನಿಂತಿದ್ದೆ. ಏನನ್ನಾದರೂ ಹೇಳಬೇಕಾದ ಹೊತ್ತಿನಲ್ಲಿ ನಾನು ಸ್ಟೋರಿನ ಪುಸ್ತಕ ತೆರೆದೆ.

ಪಗಾರ ನಿಂತ ಗೌರವ್ವ ಮೆಣಸಿನಕಾಯಿ ಬಿಡಲು ಹೇಗೆ ಸಾಧ್ಯ? ರಜೆ ದಿನದ ಕೆಲಸವನ್ನು ದಿನನಿತ್ಯದ ಕೆಲಸ ಮಾಡಿಕೊಂಡಳು. ಒಂದು ತಿಂಗಳ ಮೇಲೆ ಪೇಟೆಯಲ್ಲಿ ಹಾಯುತ್ತಿದ್ದಾಗ ಅವಳು ಕಂಡಳು. ಸುತ್ತ ಆಳೆತ್ತರ ಕೆಂಪು ರಾಶಿ, ನಡುವೆ ಕೂತು ಚಕಚಕನೆ ತುಂಬು ಬಿಡಿಸುತ್ತಿದ್ದಳು. ನನ್ನನ್ನು ಕಂಡು ಎರಡೂ ಅಂಗೈ ಎತ್ತಿ ತೋರಿಸಿದಳು. ಒಂದು ಗುಳ್ಳೆಯಿಲ್ಲ, ಒಂದು ಸೀಳಿಲ್ಲ. ಊರಿನ ಅಷ್ಟೂ ಖಾರದ ನಡುವೆ ಕೂತು ಅವಳ ಕೈ ವಾಸಿಯಾಗಿತ್ತು.

"ಪೂರಾ ಆರಾಮ ಆಗೇತ್ರಿ ಅಣ್ಣಾರ. ಸೋಮಾರ ಬರತೇನಿ. ಸಾವ್ಕಾರ್ರಿಗೆ ಹೇಳಿಬಿಡ್ರಿ" ಎಂದಳು. ನಾನು ತಲೆಯಾಡಿಸಿದೆ. ಆಮೇಲೆ ಅವಳು ಇನ್ನೊಂದು ಮಾತು ಹೇಳಿದಳು: "ನಾ ಎಣ್ಣಿ ಕಡಿಮಿ ಹಚ್ಕೋತಿದ್ದೆ ಅಂತ ಕಾಣತೈತ್ರಿ. ಈ ಸಲ ಮೊಳಕೈ ಮಟ ಹಚ್ಕೋತೇನಿ."

ಅವತ್ತು ನನಗೆ ಊಟ ಸೇರಲಿಲ್ಲ. ಸೋಮವಾರ ಗಾಡಿ ಹೊರಟ ಮೇಲೆ, ಅವಳ ಎದುರು ಕೂತು ಬಾಯಿ ಬಿಟ್ಟೆ. "ಗೌರವ್ವ, ಆ ಹನ್ನೊಂದನೇದು ಪುಸ್ತಕದಾಗ ಇರಲಿಲ್ಲ. ನಾ ಸೇರಿಸಿದ್ದು. ಎಣ್ಣಿ ಆ ಅಂಟನ್ನ ತಡಿಯೂದಿಲ್ಲ. ನಿನ್ನ ಕೈ ಕೆಟ್ಟಿದ್ದು ಮೆಣಸಿನಕಾಯಿಂದಲ್ಲ, ನನ್ನಿಂದ" ಎಂದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಬಹಳ ಹಗುರಾಗುತ್ತಿತ್ತು.

"ಅಲ್ರೀ ಅಣ್ಣಾರ, ನಮ್ಮ ಸಣ್ಣಾಕಿ ಸಾಲಿ ಕಲ್ತಾಳಂತ ಆ ಹಾಳಿ ಬರಸ್ಕೊಂಡು ಹೋಗಿ ಓದಿಸಿದ್ದೆ. ಹತ್ತು ಆಕಿಗೂ ತಿಳೀಲಿಲ್ಲ, ನನಗೂ ತಿಳೀಲಿಲ್ಲ. ಹನ್ನೊಂದನೇದೊಂದ ನಮ್ಮ ಮಾತಿನಾಗ ಇತ್ತು. ಹಂಗಾಗಿ ಅದೊಂದ ಖರೇ ಅಂತ ನಂಬಿದ್ನಿ." ಆಮೇಲೆ ಕೇಳಿದಳು: "ಆ ಹತ್ತರಾಗ ಏನ ಐತ್ರಿ?"

ಬ್ಯಾಡಗಿಯಿಂದ ರಾಣೆಬೆನ್ನೂರು ತಲುಪುವುದರೊಳಗೆ ಹತ್ತನ್ನೂ ಅವಳಿಗೆ ತಿಳಿಯುವ ಹಾಗೆ ಹೇಳಿ ಮುಗಿಸಿದೆ. ಎರಡು ದಿನ ಹೆಣಗಿ ಬರೆದದ್ದು ಇಷ್ಟು ಸ್ವಲ್ಪದ್ದೇ ಎಂದು ನನಗೇ ಆಶ್ಚರ್ಯವಾಯಿತು. ಕೈಗವಸಿನ ಮಾತು ಬಂದಾಗ ಅವಳು, "ಆ ಕಪಾಟಿನ ಕೀಲಿಕೈ ಯಾರ ಕಡೆ ಇರತೈತ್ರಿ?" ಎಂದಳು. ಕೀಲಿಕೈ ಸ್ಟೋರಿನ ಗುಮಾಸ್ತನ ಉಡದಾರಕ್ಕೆ ಕಟ್ಟಿರುತ್ತದೆ. ಅವಳು ನನ್ನ ಸೊಂಟದ ಕಡೆಯೇ ನೋಡುತ್ತಿದ್ದಳು.

ಅಂದು ಕಪಾಟು ತೆರೆದೆ. ಸಾವ್ಕಾರರ ಎದುರು ನಿಂತು ಸತ್ಯ ಹೇಳುವ ಧೈರ್ಯ ಬಂತೆಂದು ನೀವು ಎಣಿಸಿದರೆ ನಿಮಗೆ ನನ್ನ ಪರಿಚಯ ಇನ್ನೂ ಆಗಿಲ್ಲ. "ಸಾವ್ಕಾರ್ರ, ಹ್ಯಾಂಡ್‌ಗ್ಲೌಸ್ ಹೊಸಾವು ಇದ್ರ ತಪಾಸಣಿಯವ್ರಿಗೆ ಸಂಶಯ ಬರತೈತಂತ್ರಿ. ದಿನಾ ಹಾಕ್ಕೊಂಡು ಹಳೇವು ಆಗಿರಬೇಕಂತ" ಎಂದೆ. ಸಾವ್ಕಾರರು ಗಾಬರಿಯಾದರು. "ಹಂಗಾದ್ರ ಇಷ್ಟು ದಿವಸ ಯಾಕ ಸುಮ್ಮ ಕುಂತೀರಿ? ಲಗೂನ ಹಳೇವು ಮಾಡ್ರಿ ಅವ್ನ!" ಅವತ್ತಿನಿಂದ ಅಂಟಿನ ಕೆಲಸದವರೆಲ್ಲ ಕೈಗವಸುಗಳನ್ನು ಹಳೆಯವು ಮಾಡುವ ಕೆಲಸಕ್ಕೆ ನಿಂತರು. ಗೌರವ್ವ ಇನ್ನು ಹನಿ ಅಂಟನ್ನೂ ಮುಟ್ಟುವಂತಿರಲಿಲ್ಲ, ಖಾದರಸಾಬರು ಅವಳನ್ನು ಅಂಟಿನಿಂದ ದೂರ, ಹೊರಗಿನ ತಂತಿ ಸುತ್ತುವ ಕೆಲಸಕ್ಕೆ ಹಾಕಿಸಿದರು. ಅಲ್ಲಿ ಅವಳ ಕೈ ನಮ್ಮೆಲ್ಲರಿಗಿಂತ ಚುರುಕಾಗಿ ಓಡಿತು. ಖಾದರಸಾಬರ ಕೈಗೆ ಏನೂ ಆಗಿರಲಿಲ್ಲ ಎಂಬುದು ಆಗ ನನ್ನ ಕಣ್ಣಿಗೆ ಬಿತ್ತು. ಅವರು ಮೊದಲ ವಾರವೇ ಹುಬ್ಬಳ್ಳಿಯಿಂದ ಸ್ವಂತಕ್ಕೆ ಒಂದು ಜೋಡಿ ಕೈಗವಸು ತಂದುಕೊಂಡಿದ್ದರಂತೆ. "ಮ್ಯಾಲಿನ ಹತ್ತೂ ಸೂಚನಿ ಮೂರು ಸಲ ಓದಿದ್ನಿ, ತಿಳೀತು. ಹನ್ನೊಂದನೇದು ನಿಮ್ಮದ ಅಂತನೂ ತಿಳೀತು" ಎಂದರು. ಹೇಗೆ ತಿಳಿಯಿತೆಂದು ಕೇಳಿದೆ. "ಮುಂಬಯಿ ಕಂಪನಿಯವ್ರಿಗೆ ಕುಸುಬಿ ಎಣ್ಣಿ ಎಲ್ಲಿಂದ ಗೊತ್ತಿರಬೇಕ್ರಿ?" ಹಾಗಾದರೆ ಆಗಲೇ ಯಾಕೆ ಹೇಳಲಿಲ್ಲ ಎಂದರೆ, "ಸಾವ್ಕಾರ್ರು ಮೆಚ್ಚಿ ಗ್ವಾಡಿಗೆ ಹಚ್ಚಿಸಿದ ಮಾತಿಗೆ ಎದುರಾಡಾಕ ನಾ ಯಾರ್ರಿ?" ಎಂದು ಅಂಟು ಕಲಸಲು ಹೋದರು.

ಹನ್ನೊಂದನೆಯ ಸಾಲನ್ನು ಅಳಿಸಲು ಸಾವ್ಕಾರರು ಒಪ್ಪಲಿಲ್ಲ, ಸಾಹೇಬರು ಮೆಚ್ಚಿದ ಸಾಲು ಅದು. ಆದರೆ ಒಂದು ಬೆಳಿಗ್ಗೆ ನೋಡಿದರೆ ಅದರ ಮೇಲೆ ಸರಿಯಾಗಿ ಒಂದು ಗೇಣು ಕರಿ ಅಂಟು ಬಿದ್ದು ಕಲ್ಲಾಗಿತ್ತು. ಖಾದರಸಾಬರು ಎಂದೂ ಹನಿ ಚೆಲ್ಲುವವರಲ್ಲ. ಅದನ್ನು ಕೆರೆದರೆ ಹೋಗದು, ಬೆಂಕಿ ಹಚ್ಚಿದರೂ ಹತ್ತದು. ನಾನು ಬರೆದದ್ದರಲ್ಲಿ ಅದೊಂದೇ ಶಾಶ್ವತವಾಗಿ ಉಳಿಯುತ್ತದೆ, ಓದಲು ಮಾತ್ರ ಬರುವುದಿಲ್ಲ. ಆ ಕಪ್ಪನ್ನು ನೋಡಿ ನನಗೆ ಎಷ್ಟು ನೆಮ್ಮದಿಯಾಯಿತೆಂದರೆ, ಹತ್ತನ್ನೂ ಗೌರವ್ವನಿಗೆ ಹೇಳಿದ ಮಾತಿನಲ್ಲೇ ಹೊಸದಾಗಿ ಬರೆದು ಪಕ್ಕಕ್ಕೆ ಅಂಟಿಸಿದೆ.

ಕೈಗವಸು ಆರೇ ಜೋಡಿ ಇದ್ದವು. ಬರೆಯುವವನಿಗೆ ಯಾಕೆಂದು ನಾನು ಹಾಕಿಕೊಳ್ಳಲಿಲ್ಲ. ಹೀಗಾಗಿ ನನ್ನ ರೆಪ್ಪೆಗಳು ಮತ್ತೆ ಬಾತವು. ಒಂದು ಭಾನುವಾರ ಕಣ್ಣು ಬಿಡಲಾರದೆ ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದಾಗ, ಶಾಂತಾ ಒಂದು ಬಟ್ಟಲು ಹಿಡಿದು ಬಂದು ಬೆರಳದ್ದಿ ನನ್ನ ರೆಪ್ಪೆಗೆ ಸವರತೊಡಗಿದಳು. ವಾಸನೆಯಿಂದಲೇ ಗೊತ್ತಾಯಿತು, ಕುಸುಬಿ ಎಣ್ಣೆ. "ಏ ಬ್ಯಾಡ ಮಾರಾಯ್ತಿ, ಅದರಿಂದ ಏನೂ ಆಗೂದಿಲ್ಲ!" ಎಂದು ಕೂಗಿದೆ. ಅವಳು ನನ್ನ ಗದ್ದ ಹಿಡಿದು, ಕ್ಯಾಲೆಂಡರಿನ ಪಕ್ಕದ ಹಾಳೆಯ ಕಡೆ ನನ್ನ ಮುಖ ತಿರುಗಿಸಿ ಹೇಳಿದಳು:

"ನೀವ ಬರದು ಹಚ್ಚೀರಲ್ರೀ. ಸುಮ್ಮ ಕುಂದರ್ರಿ."